ಕ್ಲಬ್ಬಿನ ಹೊಸ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ? ಹಳಬರಿಗೊಂದು ಸಮಗ್ರ ಮಾರ್ಗದರ್ಶಿ

ಕ್ಲಬ್ಬಿಗೆ ಸೇರಿದವರಲ್ಲಿ ಎಷ್ಟೋ ಜನ ಒಂದೆರಡು ತಿಂಗಳು ಬರುತ್ತಾರೆ, ಆಮೇಲೆ ಕಾಣಿಸುವುದೇ ಇಲ್ಲ. ಜಗಳ ಆಗಿರುವುದಿಲ್ಲ. ಯಾರೂ ಮನಸ್ಸು ನೋಯಿಸಿರುವುದಿಲ್ಲ. ಕಾರ್ಯಕ್ರಮಗಳೂ ಚೆನ್ನಾಗಿಯೇ ಇರುತ್ತವೆ. ಆದರೆ ಹಳಬರೆಲ್ಲ ಗುಂಪು ಕಟ್ಟಿಕೊಂಡು ನಗುತ್ತಾ ಮಾತಾಡುತ್ತಿರುವಾಗ ಗೋಡೆ ಪಕ್ಕ ನಿಂತು ಫೋನ್ ನೋಡುತ್ತಾ ಎಷ್ಟು ದಿನ ಅಂತ ಬರುವುದು?

ಅಂಥವರ ಜೊತೆ ಒಬ್ಬ ಹಳಬರು ಸುಮ್ನೆ ನಿಂತು ಮಾತಾಡಿ, ಒಂದು ಕೆಲಸ ಕಲಿಸಿ, ಆಮೇಲೆ ಪಕ್ಕಕ್ಕೆ ಸರಿದರೆ ಸಾಕು, ಎಷ್ಟೋ ಸಲ ಚಿತ್ರವೇ ಬದಲಾಗುತ್ತದೆ. ಇದಕ್ಕೆ ಅರ್ಜಿ, ಪ್ರಮಾಣಪತ್ರ, ತರಬೇತಿ ಯಾವುದೂ ಬೇಡ. ಹಾಗಂತ ತಾನಾಗಿಯೇ ಆಗುತ್ತೆ ಅಂತ ಕೈಕಟ್ಟಿ ಕೂತರೆ ಆಗುವುದೂ ಇಲ್ಲ. ಓದುಗರ ಬಳಗ, ಚೆಸ್ ಕ್ಲಬ್, ಫೋಟೋಗ್ರಫಿ ಗುಂಪು, ಸೇವಾ ಸಂಸ್ಥೆ, ನಡಿಗೆಯ ತಂಡ, ಯಾವುದೇ ಇರಲಿ, ಅಲ್ಲಿ ಸ್ವಲ್ಪ ಕಾಲ ಕಳೆದಿರುವ ಸಾಮಾನ್ಯ ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲೇ ಹೇಳಿಬಿಡುತ್ತೇನೆ: ಮಾರ್ಗದರ್ಶನ ಅಂದರೆ ಉಪದೇಶ ಅಲ್ಲ. ಕ್ಲಬ್ಬಿನಲ್ಲಿ ಅದು ನಡೆಯುವುದು ಕೆಲಸದ ನೆಪದಲ್ಲಿ. ಎದುರು ಕೂತು ಬುದ್ಧಿ ಹೇಳಿದ್ದಕ್ಕಿಂತ ಪಕ್ಕ ಕೂತು ಲೆಕ್ಕ ಬರೆದದ್ದೇ ಜಾಸ್ತಿ ಕಲಿಸುತ್ತದೆ.

ನನ್ನಿಂದ ಆಗುತ್ತಾ?

ಬಹಳ ಜನ ಹಿಂಜರಿಯುವುದು ಇಲ್ಲೇ. "ನಾನೇ ಇನ್ನೂ ಕಲೀತಾ ಇದೀನಿ, ನಾನೇನು ಹೇಳಿಕೊಡಲಿ?" ಅನ್ನುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ನೋಡಿ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ಹೊರಬರಲು ಹೆಣಗುತ್ತಿದ್ದ ಇಬ್ಬರು ಒಬ್ಬರಿಗೊಬ್ಬರು ಆಸರೆಯಾಗಿ ನಿಂತು ಶುರು ಮಾಡಿದ್ದು ಅದು. ಅಲ್ಲಿ ಹೊಸಬರ ಜೊತೆ ನಿಲ್ಲುವವರನ್ನು ಸ್ಪಾನ್ಸರ್ ಅನ್ನುತ್ತಾರೆ. ಅವರು ವೈದ್ಯರಾಗಿರಬೇಕಿಲ್ಲ, ಫೀಸು ತೆಗೆದುಕೊಳ್ಳುವುದಿಲ್ಲ. ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ನಡೆದವರು, ಅಷ್ಟೇ.

ನಿಮ್ಮ ಕ್ಲಬ್ಬಿನಲ್ಲೂ ಹಾಗೆಯೇ. ಇಪ್ಪತ್ತು ವರ್ಷ ಹಳೆಯ ಸದಸ್ಯರಿಗಿಂತ ಹೋದ ವರ್ಷ ಸೇರಿದವರೇ ಎಷ್ಟೋ ಸಲ ಒಳ್ಳೆಯ ಜೊತೆಗಾರರಾಗುತ್ತಾರೆ, ಯಾಕೆಂದರೆ ಮೊದಲ ದಿನದ ಗೊಂದಲ ಅವರಿಗೆ ಇನ್ನೂ ನೆನಪಿರುತ್ತದೆ.

ಹಂತ 1: ಮಾತಾಡುವ ಮೊದಲು ಗಮನಿಸಿ

ಒಂದೆರಡು ಸಭೆ ಸುಮ್ಮನೆ ನೋಡಿ. ಸರಿಯಾಗಿ ಶುರುವಾಗುವ ಹೊತ್ತಿಗೆ ಬಂದು, ಮುಗಿದ ತಕ್ಷಣ ಹೊರಟುಬಿಡುವವರು ಯಾರು? ಎಲ್ಲರೂ ಹೊರಟ ಮೇಲೂ ನಿಂತು ಕುರ್ಚಿ ಎತ್ತಿಡಲು ಕೈಹಾಕುವವರು ಯಾರು? ಸಭೆಯಲ್ಲಿ ತುಟಿ ಬಿಚ್ಚದೆ, ಹೊರಗೆ ಮೆಟ್ಟಿಲ ಹತ್ತಿರ "ಒಂದು ಕೇಳ್ಲಾ?" ಅನ್ನುವವರು ಯಾರು?

ಕುರ್ಚಿ ಎತ್ತಿಡುವವರಿಗೆ ಒಳಗೆ ಬರುವ ಆಸೆ ಇದೆ, ದಾರಿ ಗೊತ್ತಿಲ್ಲ. ಅವರಿಂದಲೇ ಶುರು ಮಾಡಿ. ಬೇಗ ಹೊರಡುವವರಿಗೆ ಮನೆಯಲ್ಲಿ ಚಿಕ್ಕ ಮಗು ಇರಬಹುದು, ಕೊನೆಯ ಬಸ್ಸು ಇರಬಹುದು, ಅಥವಾ ನಿಜಕ್ಕೂ ಬೇಜಾರಾಗಿರಬಹುದು. ಕೇಳದೆ ತೀರ್ಮಾನ ಮಾಡಬೇಡಿ.

ಇನ್ನೊಂದು ವಿಷಯ. ನಮಗೆ ಗೊತ್ತಿಲ್ಲದ ಹಾಗೆ ನಾವು ನಮ್ಮಂಥವರನ್ನೇ ಹುಡುಕುತ್ತೇವೆ. ನಮ್ಮದೇ ವಯಸ್ಸು, ನಮ್ಮದೇ ಮಾತಿನ ಧಾಟಿ, ನಮ್ಮದೇ ಥರದ ಕೆಲಸ. ಹೀಗಾದರೆ ಸುಲಭವಾಗಿ ಬೆರೆಯುವವರಿಗೆ ನಾಲ್ಕು ಜನ ಸಿಗುತ್ತಾರೆ, ನಿಜವಾಗಿ ಜೊತೆ ಬೇಕಾದವರಿಗೆ ಒಬ್ಬರೂ ಇರುವುದಿಲ್ಲ.

ಹಂತ 2: ಮೊದಲ ಮಾತು

"ಇನ್ಮೇಲೆ ನಾನು ನಿಮ್ಮ ಮೆಂಟರ್" ಅಂತ ಘೋಷಿಸಬೇಡಿ. ಆ ಕ್ಷಣದಲ್ಲೇ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗಿಬಿಡುತ್ತಾರೆ. ಬದಲಿಗೆ ಒಂದು ಸಾದಾ ಪ್ರಶ್ನೆ ಸಾಕು: "ನಮ್ಮ ಕ್ಲಬ್ಬಿಗೆ ಬರಬೇಕು ಅಂತ ಯಾಕೆ ಅನಿಸ್ತು?"

ಉತ್ತರ ಬರುವವರೆಗೆ ಕಾಯಿರಿ. ಮೊದಲು ಬರುವುದು ಸಾಮಾನ್ಯವಾಗಿ ಔಪಚಾರಿಕ ಉತ್ತರ, "ಹೊಸ ಜನ ಪರಿಚಯ ಆಗಲಿ ಅಂತ". ಸ್ವಲ್ಪ ತಾಳ್ಮೆಯಿಂದ ಕೇಳಿದರೆ ನಿಜವಾದದ್ದು ಆಮೇಲೆ ಬರುತ್ತದೆ: ವೇದಿಕೆ ಮೇಲೆ ನಿಂತರೆ ಕೈ ನಡುಗುತ್ತೆ, ನಿವೃತ್ತಿ ಆದ ಮೇಲೆ ಸಂಜೆ ಹೊತ್ತು ಹೋಗ್ತಿಲ್ಲ, ಹೊಸ ಊರು, ಯಾರೂ ಗೊತ್ತಿಲ್ಲ. ಈ ಮೂವರಿಗೂ ಬೇಕಾದದ್ದು ಬೇರೆ ಬೇರೆ. ಕೈ ನಡುಗುವವರಿಗೆ ವೇದಿಕೆ ಅಭ್ಯಾಸ ಬೇಕು. ಹೊತ್ತು ಹೋಗದವರಿಗೆ ಜವಾಬ್ದಾರಿ ಬೇಕು. ಹೊಸ ಊರಿನವರಿಗೆ ಬೇಕಾಗಿರುವುದು ಜನ.

ಆಮೇಲೆ ನಿಯಮಾವಳಿಯಲ್ಲಿ ಇಲ್ಲದ ಸಂಗತಿಗಳನ್ನು ಹೇಳಿಕೊಡಿ. ಸಭೆ ಆರಕ್ಕೆ ಅಂದರೆ ನಿಜವಾಗಿ ಎಷ್ಟಕ್ಕೆ ಶುರುವಾಗುತ್ತದೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ. ಹೊಸ ಐಡಿಯಾ ಇದ್ದರೆ ನೇರ ಸಭೆಯಲ್ಲಿ ಎತ್ತಬೇಕೋ, ಮೊದಲು ಕಾರ್ಯದರ್ಶಿಯ ಕಿವಿಗೆ ಹಾಕಬೇಕೋ. ವಾಟ್ಸಾಪ್ ಗ್ರೂಪಿನಲ್ಲಿ ಏನು ಹಾಕಿದರೆ ಜನ ಮುಖ ಸಿಂಡರಿಸುತ್ತಾರೆ. ಹಳಬರಿಗೆ ಇದೆಲ್ಲ ಗಾಳಿಯಷ್ಟು ಸಹಜ, ಹೊಸಬರು ಪ್ರತಿಯೊಂದನ್ನೂ ಎಡವಿಯೇ ಕಲಿಯಬೇಕಾಗುತ್ತದೆ. ಹೇಳುವಾಗ ಇನ್ನೊಬ್ಬ ಸದಸ್ಯರ ಮೇಲೆ ಚಾಡಿ ಮಾತ್ರ ಸೇರಿಸಬೇಡಿ.

ಹಂತ 3: ಇಬ್ಬರಿಗೆ ಪರಿಚಯ ಮಾಡಿಸಿ

ಇಪ್ಪತ್ತು ಜನರಿಗೆ ಒಟ್ಟಿಗೆ ಬೇಡ, ಇಬ್ಬರಿಗೆ ಸಾಕು. "ಇವರು ಹೊಸದಾಗಿ ಸೇರಿದಾರೆ" ಅಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. "ಇವರು ರೈಲಿನಲ್ಲಿ ಓಡಾಡ್ತಾನೇ ಫೋಟೋ ತೆಗೀತಾರಂತೆ, ನೀವು ಮೊನ್ನೆ ಹಳೇ ಸ್ಟೇಷನ್ ಬಗ್ಗೆ ಹೇಳ್ತಿದ್ರಲ್ಲ" ಅನ್ನಿ. ಇಬ್ಬರಿಗೂ ಮಾತಿನ ತುದಿ ಸಿಕ್ಕಿತು, ನೀವು ಅಲ್ಲಿಂದ ಸರಿಯಬಹುದು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಹೊಸ ಸುದ್ದಿ, ಹೊಸ ಅವಕಾಶ ನಮಗೆ ಆಪ್ತ ಗೆಳೆಯರಿಗಿಂತ ಹೆಚ್ಚಾಗಿ ದೂರದ ಪರಿಚಯದವರಿಂದ ಬರುತ್ತದೆ ಅನ್ನುವುದು ಅದರ ತಿರುಳು. ಆಪ್ತರಿಗೆ ಗೊತ್ತಿರುವುದು ನಮಗೂ ಆಗಲೇ ಗೊತ್ತಿರುತ್ತದೆ ಅಲ್ವಾ? ಕ್ಲಬ್ ಅಂದರೆ ಇಂಥ ದೂರದ ಪರಿಚಯಗಳ ದೊಡ್ಡ ರಾಶಿ. ಆದ್ದರಿಂದ ನಿಮ್ಮ ಬುದ್ಧಿಮಾತಿಗಿಂತ ನಿಮ್ಮ ಪರಿಚಯಗಳೇ ಹೊಸಬರಿಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ಹಂತ 4: ಚಿಕ್ಕದಾದರೂ ನಿಜವಾದ ಕೆಲಸ ಕೊಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹೊಸಬರಿಗೆ ನಾವು ಕೊಡುವ ಕೆಲಸ ಎರಡು ಥರ. ಒಂದು, ಯಾರಿಗೂ ಬೇಡದ ಕೆಲಸ, ಸಾಮಾನು ಹೊರುವುದು, ಬ್ಯಾನರ್ ಕಟ್ಟುವುದು. ಇನ್ನೊಂದು, ತೋರಿಕೆಯ ಕೆಲಸ, ಮಾಡಿದರೂ ಬಿಟ್ಟರೂ ಯಾರಿಗೂ ಗೊತ್ತಾಗದ್ದು. ಎರಡರಿಂದಲೂ ಅವರು ಏನೂ ಕಲಿಯುವುದಿಲ್ಲ. ಅವರು ಮಾಡದಿದ್ದರೆ ಸಭೆ ಸ್ವಲ್ಪವಾದರೂ ಕುಂಟಬೇಕು, ಅಂಥದ್ದು ಕೊಡಿ.

1924ರಲ್ಲಿ ಶುರುವಾದ, ಭಾಷಣ ಮಾಡುವುದನ್ನು ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿವೆ. ಅಲ್ಲಿ ಹೊಸ ಸದಸ್ಯರಿಗೆ ಭಾಷಣಕ್ಕಿಂತ ಮೊದಲೇ ಟೈಮರ್ ಕೆಲಸ ಸಿಗುವುದುಂಟು. ಭಾಷಣಕಾರರಿಗೆ ಹಸಿರು, ಹಳದಿ, ಕೆಂಪು ಸೂಚನೆ ತೋರಿಸಬೇಕು, ಕೊನೆಗೆ ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಎದ್ದು ನಿಂತು ವರದಿ ಹೇಳಬೇಕು. ನೋಡಲು ಸಣ್ಣ ಕೆಲಸ. ಆದರೆ ಸಭೆ ಪೂರ್ತಿ ಅವರತ್ತ ಕಣ್ಣಿಟ್ಟಿರುತ್ತದೆ, ವರದಿ ಹೇಳುವ ನೆಪದಲ್ಲಿ ವೇದಿಕೆಯ ಭಯವೂ ಸ್ವಲ್ಪ ಕಳೆಯುತ್ತದೆ.

ಸಭೆಯ ನಡಾವಳಿ ಬರೆಯುವುದನ್ನು ಕಲಿಸುತ್ತೀರಿ ಅಂದುಕೊಳ್ಳಿ. ಮೊದಲ ಸಭೆಯಲ್ಲಿ ನೀವು ಬರೆಯಿರಿ, ಅವರು ಪಕ್ಕದಲ್ಲಿ ಕೂತು ನೋಡಲಿ. ಎರಡನೆಯದರಲ್ಲಿ ಇಬ್ಬರೂ ಬೇರೆ ಬೇರೆ ಬರೆದುಕೊಳ್ಳಿ. ಮುಗಿದ ಮೇಲೆ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಅವರದ್ದು ನಾಲ್ಕು ಪುಟ ಇರುತ್ತದೆ, ಅಧ್ಯಕ್ಷರು ಹೀಗೆಂದರು, ಖಜಾಂಚಿ ಹಾಗೆಂದರು, ಮಧ್ಯೆ ಮೈಕ್ ಕೆಟ್ಟಿತು. ನಿಮ್ಮದು ಅರ್ಧ ಪುಟ: ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವ ದಿನದೊಳಗೆ. "ನಿಮ್ಮದು ತಪ್ಪು" ಅನ್ನಬೇಡಿ. "ಮುಂದಿನ ತಿಂಗಳು ಇದನ್ನು ಓದುವವರಿಗೆ ಯಾವ ಸಾಲು ಬೇಕಾಗುತ್ತೆ?" ಅಂತ ಕೇಳಿ, ಪೆನ್ಸಿಲ್ ಅವರ ಕೈಗೆ ಕೊಡಿ. ಅವರೇ ಗೆರೆ ಎಳೆಯುತ್ತಾ ಹೋಗುತ್ತಾರೆ. ಎಲ್ಲೋ ಒಂದು ಕಡೆ ನಿಮ್ಮ ಹಾಳೆಯಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಒಂದು ತೀರ್ಮಾನ ಅವರ ಹಾಳೆಯಲ್ಲಿ ಸಿಕ್ಕಿದರೆ ಅದನ್ನು ಗಟ್ಟಿಯಾಗಿ ಹೇಳಿ.

ಮೂರನೇ ಸಭೆಯಲ್ಲಿ ಅವರು ಬರೆಯಲಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ನಾಲ್ಕನೆಯದರಲ್ಲಿ ನೀವು ಬೇರೆ ಸಾಲಿನಲ್ಲಿ ಕೂರಿ. ಇದು ಕಷ್ಟ, ಯಾಕೆಂದರೆ ಅವರು ತಡವರಿಸಿದಾಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಗಲು ಬಿಡಬೇಡಿ.

1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ಮಕ್ಕಳಿಗೆ ದೊಡ್ಡವರು ಕಲಿಸುವ ರೀತಿಯನ್ನು ಗಮನಿಸಿ, ಇಂಥ ಆಸರೆಯನ್ನು ಕಟ್ಟಡ ಕಟ್ಟುವಾಗ ಹಾಕುವ ಸಾರುವೆಗೆ ಹೋಲಿಸಿದರು. ಗೋಡೆ ನಿಲ್ಲುವವರೆಗೆ ಅದು ಬೇಕು, ಆಮೇಲೆ ಬಿಚ್ಚಬೇಕು. ನನ್ನ ಅನುಭವದಲ್ಲಿ ಹಳಬರು ಕಟ್ಟುವುದರಲ್ಲಿ ನಿಸ್ಸೀಮರು. ಬಿಚ್ಚುವುದಕ್ಕೆ ಮಾತ್ರ ಮನಸ್ಸೇ ಬರುವುದಿಲ್ಲ.

ಹಂತ 5: ಅರ್ಥ ಆಯ್ತು ಅಂತ ನೀವೇ ಅಂದುಕೊಳ್ಳಬೇಡಿ

1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಎದುರಿಗಿದ್ದವರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಅಂತ ತಟ್ಟಿದವರು ನಂಬಿದ್ದರು. ಗುರುತಿಸಿದ್ದು 120ರಲ್ಲಿ 3. ತಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್.

"ಹಾಲ್ ಬುಕ್ ಮಾಡಿಬಿಡಿ, ಯಾವಾಗಿನ ಹಾಗೆ" ಅಂತ ನೀವು ಹೇಳಿದಾಗಲೂ ಆಗುವುದು ಇದೇ. ಯಾವಾಗಿನ ಹಾಗೆ ಅಂದರೆ ಹೇಗೆ? ಯಾರಿಗೆ ಫೋನ್ ಮಾಡಬೇಕು, ಮುಂಗಡ ಕೊಡಬೇಕಾ, ರಸೀದಿ ಯಾರ ಹೆಸರಿಗೆ, ಕುರ್ಚಿ ಅವರದ್ದೋ ನಮ್ಮದೋ? ಇದಕ್ಕೆ ಮದ್ದು ಸುಲಭ. ವಿವರಿಸಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ನಾಳೆ ಮೊದಲು ಏನು ಮಾಡ್ತೀರಿ?" ಅಂತ ಕೇಳಿ.

ಅವರು ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಬರೆದಿಡಲು ಅವರಿಗೇ ಹೇಳಿ. ಮುಂದಿನ ವರ್ಷ ಸೇರುವವರಿಗೆ ಅದೇ ಕೈಪಿಡಿಯಾಗುತ್ತದೆ.

ಹಂತ 6: ತಪ್ಪನ್ನು ಹೇಳುವ ರೀತಿ

ಗ್ರೂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಕಾರ್ಯಕ್ರಮ ಮುಗಿದ ಕೂಡಲೇ ಹೇಳುವುದೂ ಬೇಡ, ಆಗ ಅವರು ದಣಿದಿರುತ್ತಾರೆ. ಒಂದೆರಡು ದಿನ ಬಿಟ್ಟು, "ಮೊನ್ನೆಯದರ ಬಗ್ಗೆ ಒಂದು ಗಮನಿಸಿದೆ, ಹೇಳಲಾ?" ಅಂತ ಕೇಳಿ, ಅವರು ಸರಿ ಅಂದ ಮೇಲೆ ಒಂದೇ ಒಂದು ವಿಷಯ ಹೇಳಿ. ಏಳು ತಪ್ಪು ಕಂಡಿರಬಹುದು. ಆದರೂ ಒಂದೇ.

ಆ ಒಂದನ್ನು ವ್ಯಕ್ತಿಯ ಮೇಲೆ ಹಾಕಬೇಡಿ, ನಡೆದ ಸಂಗತಿಯ ಮೇಲೆ ಇಡಿ. "ನಿಮಗೆ ನಿರೂಪಣೆ ಬರಲ್ಲ" ಅಂದರೆ ಅವರು ಮುಂದೆ ಮೈಕ್ ಮುಟ್ಟುವುದಿಲ್ಲ. "ಅತಿಥಿಗಳ ಹೆಸರು ಹೇಳುವಾಗ ನೀವು ಹಾಳೆ ನೋಡ್ತಿದ್ರಿ, ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಆ ಒಂದು ಸಾಲನ್ನ ಬಾಯಿಪಾಠ ಮಾಡಿಕೊಂಡ್ರೆ?" ಅಂದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ.

ಹೊಗಳಿಕೆಯೂ ಹಾಗೆಯೇ. "ಸೂಪರ್ ಆಗಿತ್ತು" ಅನ್ನುವುದು ಕಿವಿಗೆ ಹಿತ, ಕಲಿಯುವುದಕ್ಕೆ ಏನೂ ಇಲ್ಲ. "ಕರೆಂಟ್ ಹೋದಾಗ ನೀವು ಮೈಕ್ ಬಿಟ್ಟು ಮುಂದೆ ಬಂದು ಮಾತು ಮುಂದುವರಿಸಿದ್ರಿ, ಅದರಿಂದ ಜನ ಎದ್ದು ಹೋಗಲಿಲ್ಲ" ಅನ್ನಿ. ಇದನ್ನು ಮಾತ್ರ ನಾಲ್ಕು ಜನರ ಮುಂದೆ ಹೇಳಿ.

ಹಂತ 7: ಎಷ್ಟು ಸಲ, ಎಷ್ಟು ಹೊತ್ತು

ವೇಳಾಪಟ್ಟಿ ಬೇಡ. ಸಭೆ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ, ಮಧ್ಯೆ ಒಂದೆರಡು ಮೆಸೇಜು, ಸಾಕು. ಹೋದ ಸಲ ಅವರು ಹೇಳಿದ್ದನ್ನು ನೆನಪಿಟ್ಟುಕೊಂಡು "ಆ ಅತಿಥಿ ಒಪ್ಪಿದ್ರಾ?" ಅಂತ ಕೇಳಿದರೆ ಅದೇ ದೊಡ್ಡ ಬಲ. ರಾತ್ರಿ ಹೊತ್ತು ಫೋನ್ ಬೇಡ ಅನ್ನುವುದಿದ್ದರೆ ಮೊದಲೇ ಹೇಳಿಬಿಡಿ, ಆಮೇಲೆ ಒಳಗೊಳಗೇ ಸಿಡುಕುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.

ಹಂತ 8: ದಾಟಬಾರದ ಗೆರೆಗಳು

ಮೊದಲನೆಯದು, ಬಣ. ಜನ ಇದ್ದಲ್ಲಿ ಗುಂಪುಗಾರಿಕೆ ಇರುತ್ತದೆ, ಪದಾಧಿಕಾರಿಗಳ ಚುನಾವಣೆ ಹತ್ತಿರ ಬಂದಾಗ ಅದು ಮೇಲಕ್ಕೆ ಬರುತ್ತದೆ. ಆಗ ನೀವು ಬೆಳೆಸಿದವರನ್ನು ನಿಮ್ಮ ಕಡೆಯ ಮತ ಅಂತ ಎಣಿಸಿಕೊಂಡರೆ ಮಾಡಿದ್ದೆಲ್ಲ ಮಣ್ಣುಪಾಲು. ಅವರಿಗೆ ನಿಮ್ಮ ಮೇಲೆ ಋಣದ ಭಾವ ಇರುತ್ತದೆ, ಇಲ್ಲ ಅನ್ನಲಾರರು. ಅದಕ್ಕೇ ನೀವು ಕೇಳಲೇಬಾರದು. ಹಳೆಯ ಜಗಳಗಳ ಕಥೆಯನ್ನೂ ಅವರ ತಲೆಗೆ ತುಂಬಬೇಡಿ. ನಿಮಗೆ ಆಗದವರ ಜೊತೆ ಅವರಿಗೆ ಒಳ್ಳೆಯ ಸ್ನೇಹ ಬೆಳೆಯಬಹುದು, ಬೆಳೆಯಲಿ.

ಎರಡನೆಯದು, ವ್ಯಾಪಾರ. ಹೊಸ ಸದಸ್ಯರಿಗೆ ಮಾರ್ಗದರ್ಶನದ ಹೆಸರಿನಲ್ಲಿ ವಿಮೆ ಪಾಲಿಸಿ, ಸೈಟು, ಹೂಡಿಕೆಯ ಸ್ಕೀಮು ದಾಟಿಸುವವರು ಇದ್ದಾರೆ. ಇದು ನಂಬಿಕೆಗೆ ಬೀಳುವ ಕೊಡಲಿ ಪೆಟ್ಟು. ಸಾಲ ಕೊಡುವುದು, ತೆಗೆದುಕೊಳ್ಳುವುದೂ ಬೇಡ.

ಮೂರನೆಯದು, ಮನೆಯ ವಿಷಯ. ಅವರಾಗಿ ಹೇಳಿಕೊಂಡರೆ ಕೇಳಿ, ಕೆದಕಬೇಡಿ. ಹೇಳಿದ್ದು ನಿಮ್ಮಲ್ಲೇ ಇರಲಿ. ಖಿನ್ನತೆ, ಮನೆಯಲ್ಲಿ ಹಿಂಸೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಮಾತ್ರ ನೀವೊಬ್ಬರೇ ಹೊತ್ತುಕೊಳ್ಳಬೇಡಿ. ಜೀವಕ್ಕೆ ಅಪಾಯ ಅನಿಸಿದಾಗ ಗುಟ್ಟು ಕಾಯುವುದಕ್ಕಿಂತ ವೈದ್ಯರ, ತಿಳಿದವರ ಸಹಾಯ ಸಿಗುವ ಹಾಗೆ ಮಾಡುವುದು ಮುಖ್ಯ.

ಹದಿನೆಂಟು ತುಂಬದ ಸದಸ್ಯರಿದ್ದರೆ ಭೇಟಿ ಯಾವಾಗಲೂ ನಾಲ್ಕು ಜನ ಓಡಾಡುವ ಜಾಗದಲ್ಲಿ, ಮನೆಯವರಿಗೆ ಗೊತ್ತಿದ್ದೇ ಆಗಬೇಕು. ದೊಡ್ಡವರ ನಡುವೆಯೂ, ಇಬ್ಬರಲ್ಲಿ ಒಬ್ಬರಿಗೆ ಮುಜುಗರ ಅನಿಸಿದರೆ ಕಾರಣ ಹೇಳದೆ ನಿಲ್ಲಿಸುವ ಸ್ವಾತಂತ್ರ್ಯ ಇರಬೇಕು.

ಹೊಸಬರು ವಯಸ್ಸಿನಲ್ಲಿ ದೊಡ್ಡವರಾಗಿದ್ದರೆ?

ಇಲ್ಲಿ ಸ್ವಲ್ಪ ನಾಜೂಕು ಬೇಕು. ನಲವತ್ತು ವರ್ಷ ಕಚೇರಿ ನಡೆಸಿ ಬಂದವರಿಗೆ "ಹೀಗೆ ಮಾಡಿ ಸರ್" ಅಂತ ಮೂವತ್ತರವರು ಹೇಳುವಾಗ ಎರಡೂ ಕಡೆ ಸಂಕೋಚ. ಅದಕ್ಕೆ ಒಳ್ಳೆಯ ದಾರಿ ಕೊಡು-ಕೊಳ್ಳುವಿಕೆ. ನೀವು ಅವರಿಗೆ ಆನ್‌ಲೈನ್ ಮೀಟಿಂಗ್ ಹಾಕುವುದನ್ನು ತೋರಿಸಿ, ಅವರು ನಿಮಗೆ ಲೆಕ್ಕಪತ್ರ ಜೋಡಿಸುವುದನ್ನು ತೋರಿಸಲಿ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ತಮ್ಮ ನೂರಾರು ಹಿರಿಯ ಅಧಿಕಾರಿಗಳಿಗೆ, ಕಿರಿಯ ಉದ್ಯೋಗಿಗಳ ಪಕ್ಕ ಕೂತು ಇಂಟರ್‌ನೆಟ್ ಕಲಿಯಿರಿ ಅಂದಿದ್ದರು. ಅಷ್ಟು ದೊಡ್ಡ ಕಂಪನಿಯಲ್ಲಿ ಆಗಿದ್ದು ನಮ್ಮ ಕ್ಲಬ್ಬಿನಲ್ಲಿ ಆಗದೇ ಇರುತ್ತಾ?

ನೀವೇ ಹೊಸಬರಾಗಿದ್ದರೆ

"ನನಗೆ ಮಾರ್ಗದರ್ಶನ ಮಾಡ್ತೀರಾ?" ಅಂತ ಕೇಳಿದರೆ ಎದುರಿನವರು ಗಾಬರಿಯಾಗುತ್ತಾರೆ, ಎಷ್ಟು ಸಮಯ ಹೋಗುತ್ತೋ ಅಂತ. ಒಂದು ಕೆಲಸ ಹಿಡಿದು ಕೇಳಿ: "ಈ ಸಲದ ಲೆಕ್ಕ ನೀವು ಬರೆಯುವಾಗ ಪಕ್ಕದಲ್ಲಿ ಕೂತು ನೋಡಬಹುದಾ?" ಬೇಡ ಅನ್ನುವವರು ಕಡಿಮೆ. ಅವರು ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಏನಾಯಿತು ಅಂತ ಅವರಿಗೆ ತಿಳಿಸಿ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತರು ಅನಿಸುವ ಹಾಗೆ ಮಾಡಬೇಡಿ. ಮತ್ತೆ, ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಮಾತಿಗೆ ಒಬ್ಬರು, ಲೆಕ್ಕಕ್ಕೆ ಇನ್ನೊಬ್ಬರು, ಧೈರ್ಯ ತುಂಬಲು ಮತ್ತೊಬ್ಬರು ಇದ್ದರೆ ಯಾರಿಗೂ ಹೊರೆಯಲ್ಲ.

ಹಂತ 9: ಕೈಬಿಡುವ ಸಮಯ

ಸಣ್ಣಪುಟ್ಟದ್ದಕ್ಕೆಲ್ಲ ಫೋನ್ ಬರುತ್ತಿದ್ದರೆ ಉತ್ತರ ಕೊಡುವುದನ್ನು ನಿಲ್ಲಿಸಿ, "ನೀವಾದ್ರೆ ಏನು ಮಾಡ್ತೀರಿ?" ಅಂತ ವಾಪಸ್ ಕೇಳಿ. ಸಾಮಾನ್ಯವಾಗಿ ಉತ್ತರ ಅವರ ಹತ್ತಿರವೇ ಇರುತ್ತದೆ, ಯಾರಾದರೂ ಹೂಂ ಅನ್ನಬೇಕಾಗಿರುತ್ತದೆ ಅಷ್ಟೇ. ಇಬ್ಬರಿಗೂ ಹೊಂದದಿದ್ದರೆ ಎಳೆದಾಡಬೇಡಿ, "ಈ ವಿಷಯಕ್ಕೆ ನನಗಿಂತ ಅವರು ಸರಿ" ಅಂತ ಇನ್ನೊಬ್ಬರ ಹತ್ತಿರ ಕಳಿಸಿ.

ಕ್ಯಾಥಿ ಕ್ರಾಮ್ ಎಂಬ ಸಂಶೋಧಕಿ 1983ರಲ್ಲಿ ಕಚೇರಿಗಳಲ್ಲಿನ ಇಂಥ ಸಂಬಂಧಗಳನ್ನು ನೋಡಿ ನಾಲ್ಕು ಘಟ್ಟಗಳನ್ನು ಗುರುತಿಸಿದರು: ಶುರುವಾಗುವುದು, ಬೆಳೆಯುವುದು, ಬೇರೆಯಾಗುವುದು, ಆಮೇಲೆ ಹೊಸ ರೂಪದಲ್ಲಿ ಮುಂದುವರಿಯುವುದು. ಬೇರೆಯಾಗುವುದು ಅದರದ್ದೇ ಒಂದು ಘಟ್ಟ ಅನ್ನುವುದನ್ನು ಗಮನಿಸಿ. ನೀವು ಬೆಳೆಸಿದವರು ಒಂದು ದಿನ ಸಭೆಯಲ್ಲಿ ಎದ್ದು ನಿಂತು ನಿಮ್ಮ ಸಲಹೆಗೆ ವಿರುದ್ಧ ಮಾತಾಡುತ್ತಾರೆ. ಎದೆಗೆ ಚುಚ್ಚುತ್ತದೆ, ನಿಜ. ಆದರೆ ಅವರು ಈಗ ಹೊಸಬರಲ್ಲ, ಕ್ಲಬ್ಬು ತಮ್ಮದು ಅಂದುಕೊಂಡಿದ್ದಾರೆ. ಆ ದಿನ ಸಭೆ ಮುಗಿದ ಮೇಲೆ ಮೊದಲು ಹೋಗಿ ಮಾತಾಡಿಸಬೇಕಾದವರು ನೀವು.

ಕಮಿಟಿ ಏನು ಮಾಡಬಹುದು?

ಬಹಳ ಏನಿಲ್ಲ, ಮತ್ತು ಅದೇ ಒಳ್ಳೆಯದು. ಜೋಡಿಗಳ ಪಟ್ಟಿ ಮಾಡಿ ಫಾರಂ ತುಂಬಿಸಲು ಹೊರಟರೆ ಇದು ಇನ್ನೊಂದು ಔಪಚಾರಿಕ ಕಾರ್ಯಕ್ರಮವಾಗಿ ಸತ್ತುಹೋಗುತ್ತದೆ. ಎರಡು ಕೆಲಸ ಸಾಕು. ಪದಾಧಿಕಾರಿಗಳು ಬದಲಾದಾಗ ಹಳೆಯ ಖಜಾಂಚಿ, ಹಳೆಯ ಕಾರ್ಯದರ್ಶಿ ಮೂರು ತಿಂಗಳು ಹೊಸಬರ ಪಕ್ಕದಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಬ್ಯಾಂಕಿನ ಕಾಗದ, ಪಾಸ್‌ವರ್ಡು, ಯಾರು ಬಾಕಿ ಉಳಿಸಿಕೊಂಡಿದ್ದಾರೆ, ಇದೆಲ್ಲ ಒಂದೇ ದಿನದಲ್ಲಿ ಕೈಬದಲಾಗುವ ವಿಷಯ ಅಲ್ಲ.

ಎರಡನೆಯದು, ಒಂದು ಪ್ರಶ್ನೆ. ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನು ಸೇರಿಸಿಕೊಂಡು ಜುಂಟೊ ಎಂಬ ಕ್ಲಬ್ ಕಟ್ಟಿದರು. ಶುಕ್ರವಾರ ಸಂಜೆ ಸೇರುತ್ತಿದ್ದರು, ಸಭೆಯಲ್ಲಿ ಓದಿ ಹೇಳಬೇಕಾದ ಪ್ರಶ್ನೆಗಳ ಒಂದು ಪಟ್ಟಿಯೇ ಇತ್ತು. ಹೊಸದಾಗಿ ವೃತ್ತಿ ಶುರು ಮಾಡಿದ, ನಾವು ಬೆಂಬಲ ಕೊಡಬಹುದಾದ ಯುವಕರು ಯಾರಾದರೂ ನಿಮಗೆ ಗೊತ್ತೇ ಅನ್ನುವ ಅರ್ಥದ ಪ್ರಶ್ನೆ ಅದರಲ್ಲಿ ಒಂದು. ನಿಮ್ಮ ಕಮಿಟಿ ಸಭೆಯ ಕಾರ್ಯಸೂಚಿಯಲ್ಲೂ ಇಂಥದ್ದೊಂದು ಸಾಲು ಸೇರಿಸಿ: "ಹೋದ ಸಲ ಒಬ್ಬರೇ ನಿಂತಿದ್ದವರು ಯಾರು?" ಬಂದ ಹೆಸರಿನ ಎದುರಿಗೆ, ಮುಂದಿನ ಸಭೆಯಲ್ಲಿ ಅವರನ್ನು ಮಾತಾಡಿಸುವವರ ಹೆಸರು ಬರೆಯಿರಿ. ಯಾರೂ ಮುಂದೆ ಬರದಿದ್ದರೆ ನಿಮ್ಮದನ್ನೇ ಬರೆದುಕೊಳ್ಳಿ.